ನಿಲ್ಲಿಸುವ ಸಾಮಾನು

ಹಗರಿಬೊಮ್ಮನಹಳ್ಳಿಯ ತಾಯಿಯೊಬ್ಬರು ಬರೆದ ಪತ್ರ ನಮ್ಮ ಮುಂದಿದೆ. ಅವರ ಯಜಮಾನರು ತಮ್ಮ ತಂದೆಯ ಕಾಲದ ಅಂಬಾಸಡರ್ ಕಾರೊಂದನ್ನು ಮನೆಯ ಮಗ್ಗುಲಿನ ಕೊಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರಂತೆ. ಅದರ ಬಿಡಿಭಾಗಗಳನ್ನು ಹುಡುಕಿಕೊಂಡು ತಿಂಗಳಿಗೆರಡು ಸಲ ಊರೂರು ತಿರುಗುತ್ತಾರಂತೆ. ಬಂದ ಪಿಂಚಣಿಯಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತದೆ, ಮಕ್ಕಳು ಹಿಂದಿನಿಂದ ನಗುತ್ತಾರೆ. "ಇದು ಪಿತೃಭಕ್ತಿಯೋ ಬರಿಯ ಭ್ರಾಂತಿಯೋ, ತಾವೇ ತಿಳಿಸಿಕೊಡಬೇಕು" ಎಂದು ಆ ತಾಯಿ ಕೇಳಿದ್ದಾರೆ.

ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಪೂಜಾವಿಧಿ, ಮನೆಯ ಸಂಸ್ಕಾರ, ಶರಣರ ಚರಿತ್ರೆ ಇವುಗಳನ್ನು. ಮಠದಲ್ಲಿ ವ್ಯಾಕರಣ ಓದಿದವರಿಗೂ ಮೋಟಾರಿನ ಗಾಲಿಗೂ ಎಲ್ಲಿಯ ನಂಟು ಎಂದು ವಾಚಕರು ಕೇಳಿದರೆ ತಪ್ಪಿಲ್ಲ. ನಂಟು ಇದೆ. ಅದನ್ನು ಹೇಳುವುದಕ್ಕೆ ಸ್ವಲ್ಪ ಸಂಕೋಚವೂ ಇದೆ, ಏಕೆಂದರೆ ಈ ಕಥೆಯಲ್ಲಿ ನಮ್ಮದೊಂದು ತಪ್ಪು ಸೇರಿಕೊಂಡಿದೆ.

ಉಜ್ಜಿನಿಯಲ್ಲಿ ನಮಗೆ ಬಹುಕಾಲದಿಂದ ಬೇಕಾದ ಮನೆತನವೊಂದಿದೆ. ಆ ಮನೆಯ ಹಿರಿಯರು 1978ರಲ್ಲಿ ಅಂಬಾಸಡರ್ ಮಾರ್ಕ್ 3 ಕಾರನ್ನು ಕೊಂಡರು. ನಾವು ಆಗ ಮಠದಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದ ಹುಡುಗರು. ಆ ಕಾರಿನ ಹಿಂದಿನ ಸೀಟಿನಲ್ಲಿ ಆರು ಜನ ಒತ್ತಿ ಕುಳಿತು ಕೊಟ್ಟೂರಿನ ತೇರಿಗೆ ಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಊರು ಆ ಕಾರನ್ನು ನೆನೆಯುವುದು ಜಾತ್ರೆಗಾಗಿ ಅಲ್ಲ. ಅಪರಾತ್ರಿಯಲ್ಲಿ ಹೆರಿಗೆನೋವು ಬಂದವರನ್ನು ಕೂಡ್ಲಿಗಿಗೆ, ಹಾವು ಕಡಿದವರನ್ನು ದಾವಣಗೆರೆಗೆ ಮುಟ್ಟಿಸುತ್ತಿದ್ದುದು ಅದೇ. ಪೆಟ್ರೋಲಿನ ಹಣ ಕೊಡಲು ಬಂದವರಿಗೆ ಹಿರಿಯರು, "ಇದು ಮನೆಯ ದಾಸೋಹ, ಇದಕ್ಕೆ ಲೆಕ್ಕ ಇಲ್ಲ" ಎನ್ನುತ್ತಿದ್ದರು. ಹಿರಿಯರು ಲಿಂಗೈಕ್ಯರಾದ ಮೇಲೆ ಕಾರು ಅವರ ಮಗನ ಪಾಲಿಗೆ ಬಂದಿತು. ಮಗ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಊರಿನವರ ಬಾಯಲ್ಲಿ ಮೇಷ್ಟ್ರು, ನಮಗೂ ಮೇಷ್ಟ್ರೇ.

ಈ ಕಾರಿನ ವಂಶಾವಳಿಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಬಿಡಿಭಾಗ ಹುಡುಕುವವನಿಗೆ ವಂಶಾವಳಿಯೇ ಮೊದಲ ದೀಪ. ಅಂಬಾಸಡರ್ ನಮ್ಮ ದೇಶದಲ್ಲಿ ಹುಟ್ಟಿದ ವಿನ್ಯಾಸವಲ್ಲ. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿ. ಹಿಂದುಸ್ತಾನ್ ಮೋಟರ್ಸ್ ಸಂಸ್ಥೆ ಕೊಲ್ಕತ್ತದ ಬಳಿಯ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಲ್ಲಿ ಅದನ್ನು ತಯಾರಿಸಲು ತೊಡಗಿತು. ಮೇ 2014ರಲ್ಲಿ ಆ ಕಾರ್ಖಾನೆ ನಿಂತಿತು. 2017ರಲ್ಲಿ ಅಂಬಾಸಡರ್ ಎಂಬ ಹೆಸರನ್ನೇ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪಿಜೋ ಕಂಪನಿಗೆ ಮಾರಿದರು. ಹೆಸರು ಒಂದು ಕಡೆ, ಅಚ್ಚುಗಳು ಒಂದು ಕಡೆ, ಕಾರುಗಳು ಮಾತ್ರ ನಮ್ಮ ಕೊಟ್ಟಿಗೆಗಳಲ್ಲಿ.

ಹೀಗಿದ್ದರೂ ಭಾಗಗಳು ಪೂರ್ತಿ ಬತ್ತಿಹೋಗಿಲ್ಲ. ಮಾರ್ಕ್ 3 ಕಾರಿನ 1489 ಸಿ.ಸಿ. ಎಂಜಿನ್ನು ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ 'ಬಿ' ಮನೆತನದ್ದು. ಅದೇ ರಕ್ತ ಅಲ್ಲಿನ ಎಂ.ಜಿ. ಕಾರುಗಳಲ್ಲೂ ಹರಿದಿದೆ, ನಮ್ಮಲ್ಲಿ 1984ರಲ್ಲಿ ಬಂದ ಕಾಂಟೆಸಾದ ಮೊದಲ ಕಾರುಗಳಲ್ಲೂ ಹರಿದಿದೆ. ಆದರೆ 1990ರ ದಶಕದಲ್ಲಿ ಬಂದ 1800 ಸಿ.ಸಿ. ಅಂಬಾಸಡರಿನಲ್ಲಿ ಇದ್ದದ್ದು ಜಪಾನಿನ ಇಸುಜು ಎಂಜಿನ್ನು, ಐದು ಗೇರಿನ ಪೆಟ್ಟಿಗೆ. ಹೊರಗಿನ ಮುಖ ಒಂದೇ, ಒಳಗಿನ ಕರುಳು ಬೇರೆ. ನಮ್ಮ ಕಡೆ 'ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು' ಎಂಬ ಮಾತಿದೆಯಷ್ಟೆ. ಮರುಳಸಿದ್ಧೇಶ್ವರ ಗುಡಿಯ ಒಳಮಾಳಿಗೆಯ ಕೆತ್ತನೆ ಕಂಡವರಿಗೆ ಅದರ ಅರ್ಥ ತಿಳಿಯುತ್ತದೆ. ಕಾರಿನ ವಿಷಯದಲ್ಲೂ ಒಳಗೆ ನೋಡದೆ, 'ಅಂಬಾಸಡರಿನ ಸಾಮಾನು ಕೊಡಿ' ಎಂದು ಅಂಗಡಿಯಲ್ಲಿ ಕೇಳುವವನು ಅರ್ಧ ಮೋಸ ಹೋದ ಹಾಗೆಯೇ.

ಇನ್ನೊಂದು ಸೂಕ್ಷ್ಮವನ್ನು ಕೊಟ್ಟೂರಿನ ಮೇಸ್ತ್ರಿ ಸಾಹೇಬರು ನಮಗೆ ತೋರಿಸಿಕೊಟ್ಟರು. ಈ ಕಾರಿನ ನಟ್ಟು ಬೋಲ್ಟುಗಳೆಲ್ಲ ಅಂಗುಲದ ಲೆಕ್ಕದವು. ಅರ್ಧ ಅಂಗುಲ ಎಂದರೆ 12.7 ಮಿಲಿಮೀಟರ್. ಈಗಿನ ಗ್ಯಾರೇಜಿನ ಹುಡುಗರ ಕೈಯಲ್ಲಿರುವುದು ಮಿಲಿಮೀಟರಿನ ಪಾನಗಳು. 12ರ ಪಾನ ಹೊಗುವುದಿಲ್ಲ, 13ರದು ಹೊಕ್ಕರೂ ಸಡಿಲು. ಎರಡು ಸಲ ತಿರುವಿದರೆ ಬೋಲ್ಟಿನ ಮೂಲೆಗಳು ಉರುಟಾಗಿ ಹೋಗುತ್ತವೆ. "ಹಳೆ ಗಾಡಿ ಕೆಡೋದು ಓಡಿ ಅಲ್ಲ ಅಯ್ಯನೋರೇ, ರಿಪೇರಿ ಮಾಡಿಸಿಕೊಂಡು" ಎಂದು ಅವರು ನಕ್ಕರು. ಒಂದು ದಶಮಾಂಶದ ಅಂತರ ಎಷ್ಟು ಕೆಲಸ ಕೆಡಿಸಬಲ್ಲದು ಎಂಬುದು ಮಾತ್ರಾಗಣ ಲೆಕ್ಕ ಹಾಕುವ ನಮಗೆ ಕೂಡಲೇ ಅರ್ಥವಾಯಿತು.

ಈಗ ನಮ್ಮ ತಪ್ಪಿನ ಕಥೆ.

ಕೆಲವು ವರ್ಷಗಳ ಹಿಂದೆ ಉಜ್ಜಿನಿಯ ಶಿಖರ ತೈಲಾಭಿಷೇಕಕ್ಕೆ ನಾವು ಕೊಟ್ಟೂರಿನಲ್ಲಿ ಬಂದು ಇಳಿದಿದ್ದೆವು. ವೈಶಾಖದ ಬಿಸಿಲು. ನಮ್ಮನ್ನು ಹಳೆಯ ಕಾರಿನಲ್ಲೇ ಕರೆದೊಯ್ಯಬೇಕೆಂಬುದು ಮೇಷ್ಟ್ರ ಆಸೆ, ಅದರಲ್ಲೇ ಹೋಗಬೇಕೆಂಬುದು ನಮ್ಮ ಹಟ. ನಾಲ್ಕು ದಿನ ಮುಂಚೆ ಮೇಷ್ಟ್ರು ದೂರವಾಣಿಯಲ್ಲಿ, ಮುಂದಿನ ಎಡಗಾಲಿಯ ಬ್ರೇಕಿನ ವೀಲ್ ಸಿಲಿಂಡರ್ ಸೋರುತ್ತಿದೆ, ಹೊಸದು ಎಲ್ಲಿಯೂ ಸಿಗುತ್ತಿಲ್ಲ ಎಂದು ಹೇಳಿದ್ದರು. ನಾವು ಆಗ ಕೊಟ್ಟ ಉತ್ತರ ಇಂದಿಗೂ ನಮ್ಮ ಕಿವಿಯಲ್ಲಿದೆ: "ಹೇಗಾದರೂ ಹೊಂದಿಸಿರಿ ಮೇಷ್ಟ್ರೇ, ಇಪ್ಪತ್ತು ಕಿಲೋಮೀಟರಿನ ದಾರಿಗೆ ಅಷ್ಟೇಕೆ ಚಿಂತೆ?" ಅವರು ಹೊಂದಿಸಿದರು. ಪೇಟೆಯ ಗ್ಯಾರೇಜೊಂದರಲ್ಲಿ ಅಳತೆಗೆ ಹತ್ತಿರವಾದ ಬೇರೆ ಗಾಡಿಯ ರಬ್ಬರ್ ಕಪ್ಪನ್ನು ತುರುಕಿ, ಎಣ್ಣೆ ತುಂಬಿ, "ಏನೂ ಆಗಲ್ಲ, ಹೋಗಿ" ಎಂದು ಕಳುಹಿಸಿದ್ದರು.

ಊರು ಬಿಟ್ಟು ಎಂಟು ಹತ್ತು ಕಿಲೋಮೀಟರು ಹೋಗಿರಬೇಕು. ಇಳಿಜಾರಿನಲ್ಲಿ ಕುರಿಹಿಂಡು ಅಡ್ಡ ಬಂದಿತು. ಮೇಷ್ಟ್ರು ಬ್ರೇಕು ತುಳಿದರು. ಪೆಡಲು ಒಣ ಮಣ್ಣಿನಲ್ಲಿ ಕಾಲಿಟ್ಟ ಹಾಗೆ ಸರ್ರನೆ ಕೆಳಗಿಳಿಯಿತು. ಆ ಕಾಲದ ಕಾರಿನಲ್ಲಿ ನಾಲ್ಕು ಗಾಲಿಗಳ ಬ್ರೇಕಿಗೂ ಒಂದೇ ಎಣ್ಣೆಯ ಹಾದಿ. ಒಂದು ಕಡೆ ಒಡೆದರೆ ನಾಲ್ಕೂ ಹೋದವು. ಅವರು ಗೇರು ಇಳಿಸಿ, ಹ್ಯಾಂಡ್‌ಬ್ರೇಕು ಜಗ್ಗಿ, ಕಾರನ್ನು ರಸ್ತೆಯ ಬದಿಯ ಜೋಳದ ಸೊಪ್ಪೆಯ ಬಣವೆಗೆ ನುಗ್ಗಿಸಿದರು. ಯಾರಿಗೂ ಗಾಯವಾಗಲಿಲ್ಲ. ಒಂದು ಕುರಿಯೂ ಸಾಯಲಿಲ್ಲ. ಆದರೆ ಹಿಂಡಿನ ಮುಂದೆ ಹನ್ನೆರಡು ವರ್ಷದ ಹುಡುಗನೊಬ್ಬ ಕೋಲು ಹಿಡಿದು ನಿಂತಿದ್ದ. ಅವನಿಗೂ ಬಣವೆಗೂ ನಡುವೆ ಇದ್ದದ್ದು ಎರಡು ಮಾರು. ಆ ಎರಡು ಮಾರನ್ನು ನೆನೆದಾಗಲೆಲ್ಲ ಈಗಲೂ ನಮಗೆ ನಿದ್ರೆ ಹಾರುತ್ತದೆ.

ಕಾರನ್ನು ಎಳೆದು ತರಲು ಬಂದವರೇ ಕೊಟ್ಟೂರಿನ ಮೇಸ್ತ್ರಿ ಸಾಹೇಬರು. ಗಾಲಿ ಬಿಚ್ಚಿ, ಆ ಕಪ್ಪನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ಬೈಯಲಿಲ್ಲ. "ಓಡಿಸೋ ಸಾಮಾನಿನಾಗೆ ಏನಾರ ಹೊಂದಾಣಿಕೆ ಮಾಡ್ಕಳ್ರಿ. ಇದು ನಿಲ್ಲಿಸೋ ಸಾಮಾನು. ಇದರಾಗೆ ಹುಡುಗಾಟ ಇರಬಾರದು" ಎಂದರು. ನಮ್ಮ ಕಡೆಗೆ ನೋಡಿ ಹೇಳಲಿಲ್ಲ. ಆದರೂ ಆ ಮಾತು ನಮಗೇ ತಾಗಿತು.

ಅಲ್ಲಿಂದ ಮೂರು ತಿಂಗಳು ಹುಡುಕಾಟ ನಡೆಯಿತು. ತಪ್ಪಿನಲ್ಲಿ ಪಾಲಿದ್ದವರು ಅಲೆದಾಟದಲ್ಲೂ ಪಾಲು ಪಡೆಯಬೇಕಲ್ಲವೇ? ಬೆಂಗಳೂರಿಗೆ ಹೋದಾಗ ನಾವೂ ಜೊತೆಗಿದ್ದೆವು. ಸೋರುವ ಹಳೆಯ ಸಿಲಿಂಡರನ್ನು ಮೇಷ್ಟ್ರು ಬಿಳಿ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದರು. ಕೈಫೋನಿನಲ್ಲಿ ಚಿತ್ರ ತೋರಿಸಿದರೆ ಸಾಲದು, ವಸ್ತುವೇ ಎದುರಿಗಿರಬೇಕು, ಅದರ ಮೈಮೇಲೆ ಎರಕದಲ್ಲಿ ಮೂಡಿದ ಸಂಖ್ಯೆ ಓದಿ ಹೇಳಬೇಕು ಎಂಬುದು ಮೇಸ್ತ್ರಿಯ ಕಟ್ಟಪ್ಪಣೆ. ಜೆ.ಸಿ. ರಸ್ತೆಯ ಸಾಲು ಅಂಗಡಿಗಳಲ್ಲಿ ಒಂದು ಕಡೆ ಮಿರುಗುವ ಡಬ್ಬಿಯಲ್ಲಿ 'ಒರಿಜಿನಲ್' ಸಿಲಿಂಡರ್ ಸಿಕ್ಕಿತು. ಸಂತೋಷದಿಂದ ತಂದೆವು. ಪೈಪು ಕೂರುವ ಬಾಯಿಯ ಮರೆ ಮಿಲಿಮೀಟರಿನದು, ಕಾರಿನ ಪೈಪು ಅಂಗುಲದ್ದು. ಮೊದಲೆರಡು ಸುತ್ತು ಹಿಡಿದಂತೆ ಮಾಡಿ ಮೂರನೆಯದಕ್ಕೆ ಬಿಗಿಯಿತು. ತಿಳಿಯದವರು ಅಲ್ಲಿಯೇ ಜೋರು ಮಾಡಿ ಬಿಗಿದುಬಿಡುತ್ತಿದ್ದರು. ಮೇಸ್ತ್ರಿ ಬಿಚ್ಚಿ ಡಬ್ಬಿಗೆ ಹಾಕಿ ಹಿಂದಕ್ಕೆ ಕೊಟ್ಟರು.

ಎರಡನೆಯ ಸಲ ಶಿವಾಜಿನಗರದ ಗುಜರಿಗೆ ಹೋದೆವು. ಕಳಚಿದ ಬಾಗಿಲುಗಳು, ಹೊಳಪು ಹೋದ ಬಂಪರುಗಳು, ದೀಪದ ಗೂಡುಗಳು. ಒಂದು ಕಾಲದಲ್ಲಿ ಮಂತ್ರಿಗಳನ್ನೂ ಸ್ವಾಮಿಗಳನ್ನೂ ಹೊತ್ತು ತಿರುಗಿದ ಕಾರುಗಳ ಅವಶೇಷ. ಗುಜರಿ ಎಂದರೆ ಕಳ್ಳಮಾಲಿನ ತಾಣ ಎಂದೇ ಮೂಗು ಮುರಿಯುವವರಿದ್ದಾರೆ. ಕೊಳ್ಳುವವನು ಎಚ್ಚರವಾಗಿರಬೇಕು, ರಸೀತಿ ಕೇಳಬೇಕು, ನಿಜ. ಆದರೆ ಅಲ್ಲಿ ಕುಳಿತಿದ್ದ ಮುದುಕರೊಬ್ಬರು ನಮ್ಮ ಸಿಲಿಂಡರನ್ನು ಮುಟ್ಟಿ ನೋಡಿಯೇ "ಮಾರ್ಕ್ ತ್ರೀ, ಮುಂದಿನದು" ಎಂದರು. ನಾಲ್ಕು ತಂದಿಟ್ಟರು. ನಾಲ್ಕರ ಒಳಮೈಯಲ್ಲೂ ತುಕ್ಕಿನ ಕಲೆ. "ಒಳಗೆ ತಿಂದಿದೆ, ಹಂಗೇ ಹಾಕಬೇಡಿ, ಲೈನರ್ ಹಾಕಿಸ್ಕೊಳ್ಳಿ" ಎಂದು ಕೊಳ್ಳುವ ಮುಂಚೆಯೇ ಹೇಳಿದರು. ಮಿರುಗುವ ಡಬ್ಬಿಯಲ್ಲಿ ಸಿಗದ ಸತ್ಯ ಧೂಳಿನ ರಾಶಿಯಲ್ಲಿ ಸಿಕ್ಕಿತು.

ಇಲ್ಲಿ ಒಂದು ಸಣ್ಣ ವಾದ ನಡೆಯಿತು. ಮೇಷ್ಟ್ರು ನಾಲ್ಕನ್ನೂ ಕೊಳ್ಳಬೇಕೆಂದರು. ನಾವು ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ಎತ್ತಿದೆವು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ ಸತಿ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಹೇಳಿದಳು. ಎರಡು ಮುಂಗಾಲಿಗೆ ಎರಡು ಸಾಕು, ಉಳಿದವು ಇಂಥದೇ ಕಾರಿರುವ ಇನ್ನೊಬ್ಬನಿಗಿರಲಿ ಎಂದೆವು. ಊರಿಗೆ ಬಂದು ಮೇಸ್ತ್ರಿಗೆ ಹೇಳಿದರೆ ಅವರು ತಲೆಗೆ ಕೈಹಚ್ಚಿಕೊಂಡರು. "ಅಕ್ಕಿ ನಾಳೇನೂ ಬೆಳೀತೈತೆ ಅಯ್ಯನೋರೇ, ಇದು ಬೆಳೆಯಲ್ಲ! ಕಬ್ಬಿಣ ಸಿಕ್ಕಾಗ ತಗೋಬೇಕು, ರಬ್ಬರು ಮಾತ್ರ ಕೂಡಿಡಬಾರದು." ಅವರ ಮಾತಿನಲ್ಲಿ ಹುರುಳಿತ್ತು. ಎರಕದ ಭಾಗ ಎಣ್ಣೆ ಸವರಿಟ್ಟರೆ ದಶಕಗಟ್ಟಲೆ ಬಾಳುತ್ತದೆ. ರಬ್ಬರು ಡಬ್ಬಿಯೊಳಗೆ ಕುಳಿತೇ ಮುದಿಯಾಗುತ್ತದೆ. ಮೂವತ್ತು ವರ್ಷದ ಹಿಂದಿನ, ಮುಚ್ಚಳ ತೆಗೆಯದ ಡಬ್ಬಿಯ ಕಪ್ಪು ಎಂದರೆ ಹಳೆಯ ಕಾರಿನವರು ಹಿಗ್ಗುವುದುಂಟು. ಹಿಗ್ಗಬೇಕಾದದ್ದಲ್ಲ, ಹೆದರಬೇಕಾದದ್ದು. ಲಕ್ಕಮ್ಮನ ಮಾತನ್ನು ನಾವು ಈಗಲೂ ಬಿಟ್ಟುಕೊಡುವುದಿಲ್ಲ. ಆದರೆ ಆ ದಿನ ಅದನ್ನು ಹೇಳಿದ್ದು ಅರಿತು ಹೇಳಿದ್ದಲ್ಲ, ಅಭ್ಯಾಸಬಲದಿಂದ ಹೇಳಿದ್ದು.

ಲೈನರ್ ಹಾಕಿಸಲು ಹೋದದ್ದು ಹರಿಹರಕ್ಕೆ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತಿತ್ತು. ಈಗ ಆ ಕಾರ್ಖಾನೆ ಇಲ್ಲ. ಅಲ್ಲಿ ದುಡಿದ ಹಿರಿಯ ಟರ್ನರೊಬ್ಬರು ಅದೇ ಕಾರ್ಖಾನೆಯ ಲೇತೊಂದನ್ನು ಇಟ್ಟುಕೊಂಡು ಸಣ್ಣ ಕೆಲಸ ಮಾಡುತ್ತಿದ್ದಾರೆ. ತುಕ್ಕು ತಿಂದ ಸಿಲಿಂಡರಿನ ಒಳಮೈಯನ್ನು ಅವರು ಕೊರೆದು ದೊಡ್ಡದು ಮಾಡಿದರು. ಅದರೊಳಗೆ ಹಿತ್ತಾಳೆಯ ಕೊಳವೆಯನ್ನು ಬಿಗಿಯಾಗಿ ಕೂರಿಸಿ, ಅದರ ರಂಧ್ರವನ್ನು ಮೂಲ ಅಳತೆಗೇ ತಂದು, ಕನ್ನಡಿಯಂತೆ ನುಣುಪು ಮಾಡಿದರು. ಹಿತ್ತಾಳೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಅಳತೆ ಮೂಲದ್ದೇ ಆದ್ದರಿಂದ ಅದೇ ವರ್ಷ ತಯಾರಾದ ಹೊಸ ರಬ್ಬರ್ ಕಪ್ಪುಗಳು ಸರಿಯಾಗಿ ಕುಳಿತವು. ಮುಚ್ಚಿದ ಕಾರ್ಖಾನೆಯ ಕಾರನ್ನು ಮುಚ್ಚಿದ ಕಾರ್ಖಾನೆಯ ಲೇತು ಉಳಿಸಿತು. ಬಾಚಿಕಾಯಕದ ಬಸವಪ್ಪನಂಥ ಶರಣರು ಉಳಿ ಬಾಚಿಗಳನ್ನು ಹೇಗೆ ಹಿಡಿದಿದ್ದರೆಂದು ನಾವು ಪುಸ್ತಕದಲ್ಲಿ ಓದಿದ್ದೆವು. ಆ ದಿನ ಎರಡು ತಾಸು ಸ್ಟೂಲಿನ ಮೇಲೆ ಕುಳಿತು ಕಂಡೆವು. ಮಾತಾಡಿಸಲು ಹೋದರೆ ಅವರು ಬೆರಳೆತ್ತಿ ಸುಮ್ಮನಿರಿಸುತ್ತಿದ್ದರು.

ನಮ್ಮ ಸೀಮೆಯವರಿಗೆ ಗಾಲಿಯ ಮಾತು ಹೊಸದಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಶ್ರೀ ಗುರು ಬಸವೇಶ್ವರರ ಮಹಾರಥ ಸಾವಿರಾರು ಜನರ ನಡುವೆ ಉರುಳಿ ಬಿದ್ದದ್ದನ್ನು ಯಾರೂ ಮರೆತಿಲ್ಲ. ತೇರಿನ ಮೇಲಿನ ಪಟಾಕ್ಷಿ, ಹೂಮಾಲೆಗಳನ್ನು ಎಲ್ಲರೂ ನೋಡುತ್ತಾರೆ. ಬುಡದ ಅಚ್ಚನ್ನು ನೋಡಬೇಕಾದವರು ಒಬ್ಬಿಬ್ಬರು. ಕಲ್ಲಿನ ಶಿಖರಕ್ಕೆ ವರ್ಷ ವರ್ಷ ತಪ್ಪದೆ ಎಣ್ಣೆ ಎರೆಯುವ ಊರು ಉಜ್ಜಿನಿ. ಅದೇ ಊರಿನ ದಾರಿಯಲ್ಲಿ ಕಾರಿನ ಎಣ್ಣೆ ಸೋರುವುದನ್ನು ಕೇಳಿಯೂ 'ಚಿಂತೆ ಏಕೆ' ಎಂದವರು ನಾವು!

ಹಗರಿಬೊಮ್ಮನಹಳ್ಳಿಯ ತಾಯಿಗೆ ಈಗ ಉತ್ತರ ಹೇಳಬಹುದು. ತಾಯಿ, ನಿಮ್ಮ ಯಜಮಾನರು ಭಾಗ ಹುಡುಕುತ್ತಿರುವುದು ಭ್ರಾಂತಿಯಲ್ಲ. ಯಾವ ಭಾಗವನ್ನು ಹುಡುಕುತ್ತಿದ್ದಾರೆ ಎಂದು ಕೇಳಿರಿ. ಬಾಗಿಲಿನ ಹಿಡಿ, ಗಾಜು, ಮೀಟರಿನ ಹಲಗೆ, ಡೈನಮೋ ಇವನ್ನು ಗುಜರಿಯಿಂದ ಧಾರಾಳವಾಗಿ ತರಲಿ. ಬ್ರೇಕು, ಸ್ಟೀರಿಂಗು, ಮುಂಗಾಲಿಯ ಪಿನ್ನು ಬುಷ್ಷು, ಟೈರು ಇವುಗಳಲ್ಲಿ 'ಹತ್ತಿರದ ಅಳತೆ' ಎಂಬ ಮಾತು ಕೇಳಿಬಂದರೆ ಕೀಲಿಕೈಯನ್ನು ನೀವೇ ತೆಗೆದು ದೇವರ ಮನೆಯಲ್ಲಿ ಇಟ್ಟುಬಿಡಿ. ಪೆಟ್ರೋಲಿನ ಪೈಪನ್ನೂ ನೋಡಿಸಬೇಕು. ಈಗಿನ ಪೆಟ್ರೋಲಿಗೆ ಶೇಕಡ 20ರವರೆಗೆ ಎಥೆನಾಲ್ ಬೆರೆಸುತ್ತಾರೆ, ಆ ಕಾಲದ ರಬ್ಬರು ಅದನ್ನು ತಾಳುವುದಿಲ್ಲ. ಬಿರಿದ ಪೈಪು ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕಿದರೆ ಏನಾಗುವುದೆಂದು ಬಿಡಿಸಿ ಹೇಳಬೇಕಿಲ್ಲ.

ಕಾಗದಪತ್ರದ ವಿಷಯವನ್ನೂ ಒಂದು ಮಾತಿನಲ್ಲಿ ಹೇಳುತ್ತೇವೆ. ಐವತ್ತು ವರ್ಷ ತುಂಬಿದ, ಮೂಲರೂಪ ಕೆಡದ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನಿಯಮ ತಂದು 'ವಿ.ಎ.' ಅಕ್ಷರಗಳ ನೋಂದಣಿ ಸಂಖ್ಯೆ ಕೊಡುವ ಏರ್ಪಾಡು ಮಾಡಿದೆ. ಗೌರವವೇನೋ ದೊಡ್ಡದು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ಹಳೆಯ ಕಾರುಗಳ ರ‍್ಯಾಲಿ, ದುರಸ್ತಿ ಮುಂತಾದವಕ್ಕಷ್ಟೇ ರಸ್ತೆಗೆ ತರಬಹುದು, ನಿತ್ಯದ ಓಡಾಟಕ್ಕೆ ಅಲ್ಲ. ಧರ್ಮಸ್ಥಳದ ಸಂಗ್ರಹಾಲಯದಲ್ಲಿರುವಂಥ ಕಾರುಗಳ ಬಾಳು ಅದು. ಸಾಮಾನ್ಯ ನೋಂದಣಿಯಲ್ಲೇ ಇರಿಸಿದರೆ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಆಮೇಲೆ ಇನ್ನೂ ಹೆಚ್ಚಿತು. ಉಜ್ಜಿನಿಯ ಮೇಷ್ಟ್ರು ಎರಡನೆಯದನ್ನೇ ಆರಿಸಿಕೊಂಡಿದ್ದಾರೆ. ದಾಸೋಹದ ಕಾರನ್ನು ನೋಡುವ ವಸ್ತುವಾಗಿ ಮಾಡಲಾರೆ ಎನ್ನುತ್ತಾರೆ. ಪಿಂಚಣಿಯ ಲೆಕ್ಕ ನೋಡಿ ನಿಮ್ಮ ಮನೆಯಲ್ಲಿ ಬೇರೆ ನಿರ್ಧಾರ ಮಾಡಿದರೆ ಅದೂ ತಪ್ಪಲ್ಲ.

ನಗುತ್ತಿರುವ ಮಕ್ಕಳ ಬಗ್ಗೆಯೂ ಬರೆದಿದ್ದೀರಿ. ಮೇಷ್ಟ್ರ ಮೊಮ್ಮಗನೂ ಹಾಗೆಯೇ ನಗುತ್ತಿದ್ದ, ತೂಕಕ್ಕೆ ಹಾಕಿಬಿಡಿ ಅಜ್ಜ ಎನ್ನುತ್ತಿದ್ದ. ಬಣವೆಯ ಘಟನೆಯ ದಿನ ಅವನು ಮುಂದಿನ ಸೀಟಿನಲ್ಲಿದ್ದ. ಈಗ ಅವನೇ ಒಂದು ನೋಟುಪುಸ್ತಕ ಇಟ್ಟಿದ್ದಾನೆ: ಪ್ರತಿ ಭಾಗದ ಮೈಮೇಲಿನ ಸಂಖ್ಯೆ, ಅಂಗುಲದ ಅಳತೆ, ಎಲ್ಲಿ ಸಿಕ್ಕಿತು, ರಬ್ಬರು ಹಾಕಿದ ತಾರೀಖು, ಮತ್ತೆ ಬದಲಿಸಬೇಕಾದ ತಾರೀಖು. ಉಳಿದ ಎರಡು ಸಿಲಿಂಡರುಗಳನ್ನು ಶಿವಾಜಿನಗರದ ಮುದುಕರಿಂದ ತರಿಸಿದವನೂ ಅವನೇ. ನಮಗೆ ಹೇಳದೆ.

ಮುಂದಿನ ವೈಶಾಖದ ತೈಲಾಭಿಷೇಕಕ್ಕೆ ಅದೇ ಕಾರು ನಮ್ಮನ್ನು ಕರೆದೊಯ್ಯಲು ಬಂದಿತು. ಮೇಸ್ತ್ರಿ ಸಾಹೇಬರೂ ಜೊತೆಗಿದ್ದರು. ಶಿಖರದಿಂದ ಎಣ್ಣೆ ಇಳಿದು ಕಲ್ಲು ಕಪ್ಪಗೆ ಹೊಳೆಯುವುದನ್ನು ಕಂಡು, ಪ್ರಸಾದ ಮುಗಿಸಿ ಹಿಂದಿರುಗುವ ಹೊತ್ತಿಗೆ ಸಂಜೆಯಾಗಿತ್ತು. ನಾವು ಬಾಗಿಲಿನ ಹಿಡಿಗೆ ಕೈಯಿಟ್ಟೆವು. ಅವರು ಸ್ವಲ್ಪ ತಡೆಯಿರೆಂದು ಸನ್ನೆ ಮಾಡಿ, ಮೊಣಕಾಲೂರಿ ಕುಳಿತು, ಮುಂದಿನ ಎಡಗಾಲಿಯ ಒಳಮೈಗೆ ಬೆರಳು ಸವರಿ ಬೆಳಕಿಗೆ ಹಿಡಿದು ನೋಡಿದರು.

"ಒಣ ಐತ್ರಿ ಅಯ್ಯನೋರೇ, ಹತ್ರಿ" ಎಂದರು.